ಬಾಯ್ಲರ್ ಡ್ರಮ್ ಚಿತ್ರ ಒಂದು, ಅಲಾರ್ಮ್ ಐದು: ಯಾವ ಬಣ್ಣ ತೋರಿಸಬೇಕು?

ಆಪರೇಟರ್ ಯಂತ್ರದ ಸ್ಥಿತಿ ನೋಡುವ ಎಚ್‌ಎಂಐ ಪರದೆಯಲ್ಲಿ ಬಾಯ್ಲರ್ ಡ್ರಮ್ಮಿನ (ನೀರು, ಹಬೆ ಇರುವ ಪಾತ್ರೆ) ಒಂದೇ ಚಿತ್ರಕ್ಕೆ ನೀವು ಐದು ಅಲಾರ್ಮ್ ಕಟ್ಟಿದ್ದೀರಿ: ಲೋ-ಲೋ (ನೀರು ಅಪಾಯದ ಮಟ್ಟಕ್ಕೆ ಇಳಿದಿದೆ), ಲೋ (ನೀರು ಕಡಿಮೆ), ಹೈ (ನೀರು ಹೆಚ್ಚು), ಟ್ರಾನ್ಸ್‌ಮಿಟರ್ ಫಾಲ್ಟ್ (ನೀರಿನ ಮಟ್ಟ ಅಳೆದು ಕಳಿಸುವ ಉಪಕರಣ ಕೆಟ್ಟಿದೆ), ಫೀಡ್ ಪಂಪ್ ಟ್ರಿಪ್ (ಡ್ರಮ್ಮಿಗೆ ನೀರು ತುಂಬುವ ಪಂಪ್ ನಿಂತಿದೆ). ಒಂದೊಂದೇ ಬಂದಾಗ ಬಣ್ಣ ಸರಿ, ಎರಡು ಒಟ್ಟಿಗೆ ಬಂದರೆ ತಪ್ಪು ಅಂತ ಕೇಳಿದ್ದೀರಿ. ನಾನು ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಿಗೆ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಕೆಲಸ ಮಾಡುತ್ತೇನೆ. ಇದೇ ತಪ್ಪು ನಾನೂ ಮಾಡಿದ್ದೆ.

ಕಾರಟಗಿ ಹತ್ತಿರದ ಒಂದು ಮಿಲ್ಲಿನಲ್ಲಿ ರಾತ್ರಿ ಪಾಳಿ. ಫೀಡ್ ಪಂಪ್ ಓವರ್‌ಲೋಡ್ ಆಗಿ ಟ್ರಿಪ್ ಆಯಿತು, ಪರದೆಯಲ್ಲಿ ಡ್ರಮ್ ಹಳದಿಯಾಯಿತು. ಸ್ವಲ್ಪ ಹೊತ್ತಿಗೆ ನೀರು ಇಳಿದು ಲೋ-ಲೋ ಬಂತು. ಕೆಂಪಾಗಬೇಕಿತ್ತು, ಅಲ್ವಾ? ಆಗಲಿಲ್ಲ. ನನ್ನ ಪಟ್ಟಿಯಲ್ಲಿ ಪಂಪ್ ಕೊನೆಗಿತ್ತು, ಆ ಸಾಫ್ಟ್‌ವೇರ್ ಕೊನೆಯದನ್ನೇ ಹಿಡಿಯುತ್ತಿತ್ತು. ಬಾಯ್ಲರ್ ಆಪರೇಟರ್ ಟಾರ್ಚ್ ಹಾಕಿ ಗೇಜ್ ಗ್ಲಾಸ್ (ಡ್ರಮ್ಮಿನ ನೀರಿನ ಮಟ್ಟ ಕಾಣುವ ಗಾಜು) ನೋಡಿದರೆ ನೀರೇ ಕಾಣಲಿಲ್ಲ. ಅಷ್ಟರಲ್ಲಿ ಮೊಬ್ರೇ ಸ್ವಿಚ್ (ನೀರು ತೀರಾ ಇಳಿದರೆ ತಾನೇ ಕೆಲಸ ಮಾಡುವ ತೇಲುವ ಸ್ವಿಚ್) ಬೆಂಕಿಗೆ ಗಾಳಿ ಕೊಡುವ ಫ್ಯಾನ್ ನಿಲ್ಲಿಸಿತ್ತು. ಅವರು ಹೊಟ್ಟಿನ ಫೀಡರ್ ಬಂದ್ ಮಾಡಿದರು, ನೀರು ಮಾತ್ರ ಬಿಡಲಿಲ್ಲ. ಕಾದ ಟ್ಯೂಬಿಗೆ ಆಗ ನೀರು ಬಿಡಬಾರದು ಅಂತ ಅವರಿಗೆ ಗೊತ್ತಿತ್ತು. ಪರದೆ ಹೇಳದ್ದನ್ನು ಅವರ ಅನುಭವ ಹೇಳಿತು.

ಎರಡು ಕಂಡೀಶನ್ ಒಟ್ಟಿಗೆ ನಿಜವಾದಾಗ ಕೆಲವು ಸಾಫ್ಟ್‌ವೇರ್ ಪಟ್ಟಿಯ ಮೊದಲನೆಯದನ್ನು ಹಿಡಿಯುತ್ತವೆ, ಕೆಲವು ಕೊನೆಯದನ್ನು. ಆ ತೀರ್ಮಾನ ಪರದೆಗೆ ಬಿಡಬೇಡಿ. ಪಿಎಲ್‌ಸಿಯಲ್ಲಿ ಒಂದೇ ಇಂಟಿಜರ್ ಟ್ಯಾಗ್ (ಒಂದು ನಂಬರ್ ಹಿಡಿದಿಡುವ ಹೆಸರು) ಮಾಡಿ. ಇಫ್, ಎಲ್ಸ್ ಇಫ್ ಅಂತ ಬರೆಯುತ್ತಾ ಹೋಗಿ, ಮೇಲಿನದು ಸಿಕ್ಕರೆ ಕೆಳಗಿನದನ್ನು ನೋಡುವುದೇ ಇಲ್ಲ. ಬಣ್ಣಕ್ಕಾಗಿ ಪರದೆಗೆ ಆ ನಂಬರ್ ಒಂದೇ ಹೋಗಲಿ: 0 ಬೂದು, 1 ಹಳದಿ, 2 ನೇರಳೆ, 3 ಕೆಂಪು.

ಯಾವುದು ಮೇಲೆ ಅನ್ನುವುದೇ ಮುಖ್ಯ. ನಾನು ಮೊದಲು ಮೊಬ್ರೇ ಸ್ವಿಚ್ಚಿನ ಲೋ-ಲೋ ಹಾಕುತ್ತೇನೆ, ಕೆಂಪು. ಅದರ ವೈರಿಂಗೇ ಬೇರೆ, ಟ್ರಾನ್ಸ್‌ಮಿಟರ್ ಕೆಟ್ಟರೂ ಅದು ಸರಿ ಹೇಳುತ್ತದೆ. ನಿಮ್ಮ ಪಟ್ಟಿಯಲ್ಲಿ ಅದಿಲ್ಲ, ಸೇರಿಸಿ. ಎರಡನೆಯದು ಟ್ರಾನ್ಸ್‌ಮಿಟರ್ ಫಾಲ್ಟ್, ನೇರಳೆ. ಯಾಕೆ ಇಷ್ಟು ಮೇಲೆ? ಟ್ರಾನ್ಸ್‌ಮಿಟರ್ ಮಟ್ಟವನ್ನು 4–20 ಮಿಲಿಆಂಪ್ ಕರೆಂಟಾಗಿ ಕಳಿಸುತ್ತದೆ; ಆ ವೈರ್ ಕಡಿದರೆ ಕರೆಂಟ್ ಸೊನ್ನೆಗೆ ಬರುತ್ತದೆ, ಲೆವೆಲ್ ಸೊನ್ನೆಗಿಂತ ಕೆಳಗೆ ಕಾಣುತ್ತದೆ, ಸುಮ್ನೆ ಲೋ-ಲೋ ಕೂಡ ಬರುತ್ತದೆ. ಅದನ್ನು ನಂಬುವ ಹಾಗಿಲ್ಲ. 3.6 ಮಿಲಿಆಂಪ್‌ಗಿಂತ ಕಡಿಮೆ ಬಂದರೆ ಫಾಲ್ಟ್ ಅಂತ ಹಿಡಿಯಿರಿ. ನೇರಳೆ ಕಂಡರೆ ಆಪರೇಟರ್ ಗೇಜ್ ಗ್ಲಾಸ್ ಹತ್ತಿರ ಓಡಬೇಕು. ಆಮೇಲೆ ಟ್ರಾನ್ಸ್‌ಮಿಟರಿನ ಲೋ-ಲೋ, ಕೆಂಪು. ಪಂಪ್ ಟ್ರಿಪ್, ಲೋ, ಹೈ ಮೂರೂ ಹಳದಿ.

ಎಲ್ಲವನ್ನೂ ಕೆಂಪು ಮಾಡುವ ಆಸೆ ಬರುತ್ತದೆ, ಬೇಡ. 1994ರಲ್ಲಿ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರ್ಮ್ ಬಂದಿದ್ದವು. ಅಷ್ಟರಲ್ಲಿ ಮುಖ್ಯವಾದದ್ದನ್ನು ಯಾರು ಹುಡುಕುತ್ತಾರೆ? ಎಲ್ಲ ಸರಿ ಇದ್ದಾಗ ಹಸಿರು ಕೂಡ ಬೇಡ, ಬೂದು ಸಾಕು. ಕೆಂಪು, ಹಸಿರು ಬೇರೆ ಮಾಡಿ ಕಾಣದ ಗಂಡಸರು ಸುಮಾರು ಹನ್ನೆರಡಕ್ಕೆ ಒಬ್ಬರು ಇರುತ್ತಾರೆ. ಹಾಗಾಗಿ ಬಣ್ಣದ ಜೊತೆ ಡ್ರಮ್ ಮೇಲೆ 'ನೀರು ಇಲ್ಲ', 'ಪಂಪ್ ನಿಂತಿದೆ' ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರಲಿ.

ಆಕ್ (ಅಲಾರ್ಮ್ ನೋಡಿದೆ ಅಂತ ತಿಳಿಸುವ ಬಟನ್) ಒತ್ತಿದಾಗ ಮಿನುಗುವುದು ನಿಲ್ಲಲಿ, ಬಣ್ಣ ಹೋಗಬಾರದು. ಕಾರಣ ಹೋದ ಮೇಲೆ ಮಾತ್ರ ಬಣ್ಣ ಹೋಗಲಿ. ಹೊಸ ಅಲಾರ್ಮ್ ಬಂದರೆ ಮತ್ತೆ ಮಿನುಗಲಿ. ಡ್ರಮ್ಮಿನಲ್ಲಿ ನೀರು ಕುಣಿಯುತ್ತಿರುತ್ತದೆ, ಅದಕ್ಕೆ ಲೋ ಅಲಾರ್ಮ್ ಶೇ. 30ಕ್ಕೆ ಬಂದರೆ ಶೇ. 33ಕ್ಕೆ ಹೋಗುವಂತೆ ಇಡಿ, ಎರಡು ಮೂರು ಸೆಕೆಂಡ್ ಡಿಲೇ ಕೊಡಿ. ಇಲ್ಲದಿದ್ದರೆ ಬಣ್ಣ ಪಟಪಟ ಬದಲಾಗುತ್ತಿರುತ್ತದೆ.

ಬರೆದ ಮೇಲೆ ಎರಡೆರಡು ಅಲಾರ್ಮ್ ಜೋಡಿಯಾಗಿ ಫೋರ್ಸ್ ಮಾಡಿ (ಬೇಕೆಂದೇ ಬರಿಸಿ) ನೋಡಿ, ಬಾಯ್ಲರ್ ನಿಂತಿರುವಾಗ ಮಾತ್ರ. ಪಕ್ಕದಲ್ಲಿ ಆಪರೇಟರ್ ಅವರನ್ನು ಕೂರಿಸಿಕೊಂಡು, ಒಂದೊಂದು ಬಣ್ಣಕ್ಕೂ 'ಈಗ ಏನು ಮಾಡ್ತೀರಿ?' ಅಂತ ಕೇಳಿ. ಅವರು ತಡವರಿಸಿದ ಕಡೆ ನಿಮ್ಮ ಸಾಲನ್ನು ಇನ್ನೊಮ್ಮೆ ನೋಡಿ.