ಗರಿ ಉದುರುವ ಕಾಲದಲ್ಲಿ ಪೆಂಗ್ವಿನ್‌ಗೆ ಹಸಿವಾಗುವುದಿಲ್ಲವೇ?

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಮುಂಬೈಗೆ ಕರೆದುಕೊಂಡು ಹೋಗಿದ್ದೆವು. ಬೈಕುಲ್ಲಾ ಮೃಗಾಲಯದಲ್ಲಿ ಪೆಂಗ್ವಿನ್ ನೋಡಿದೆವು. ಒಂದು ಮಾತ್ರ ನೀರಿಗೆ ಇಳಿಯದೆ ಮೂಲೆಯಲ್ಲಿ ನಿಂತೇ ಇತ್ತು, ಮೈಮೇಲಿನ ಪುಕ್ಕ ಅಲ್ಲಲ್ಲಿ ಕಿತ್ತುಬಂದ ಹಾಗಿತ್ತು. ಅದಕ್ಕೆ ಜ್ವರ ಬಂದಿದೆ ಅಂತ ಮಗಳು ಊರಿಗೆ ಬರುವ ತನಕ ಬೇಜಾರು ಮಾಡಿಕೊಂಡಳು. ನಿಜಕ್ಕೂ ಕಾಯಿಲೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಅದು ಗರಿ ಬದಲಿಸುತ್ತಿದ್ದ ಹಕ್ಕಿ ಇರಬೇಕು. ಮಗಳಿಗೆ ಸಮಾಧಾನ ಹೇಳಿ. ಅಲ್ಲಿರುವುದು ಹಂಬೋಲ್ಟ್ ಪೆಂಗ್ವಿನ್‌ಗಳು. ಪೆರು, ಚಿಲಿಯ ಕರಾವಳಿ ಅವುಗಳ ತವರು.

ನಮ್ಮ ಕಾಗೆ, ಗುಬ್ಬಿಗಳೂ ಗರಿ ಬದಲಿಸುತ್ತವೆ. ಆದರೆ ಒಂದೊಂದಾಗಿ ಉದುರಿಸುತ್ತವೆ, ಹಾಗಾಗಿ ನಮಗೆ ಗೊತ್ತಾಗುವುದೇ ಇಲ್ಲ. ಪೆಂಗ್ವಿನ್ ಹಾಗಲ್ಲ. ವರ್ಷಕ್ಕೊಮ್ಮೆ ಮೈತುಂಬಾ ಇರುವ ಗರಿಗಳನ್ನೆಲ್ಲ ಎರಡು ಮೂರು ವಾರದಲ್ಲಿ ಒಟ್ಟಿಗೇ ಬದಲಿಸುತ್ತದೆ. ಹೊಸ ಗರಿ ಕೆಳಗಿನಿಂದ ಹಳೆಯದನ್ನು ತಳ್ಳಿಕೊಂಡು ಬರುತ್ತದೆ. ಆ ದಿನಗಳಲ್ಲಿ ಮೈಗೆ ನೀರು ತಡೆಯುವ ಶಕ್ತಿ ಇರುವುದಿಲ್ಲ. ತಣ್ಣೀರಿಗಿಳಿದರೆ ಚಳಿ ನೇರ ಚರ್ಮಕ್ಕೆ ತಾಗುತ್ತದೆ. ಸಮುದ್ರಕ್ಕೆ ಹೋಗುವಂತಿಲ್ಲ ಅಂದಮೇಲೆ ಮೀನೂ ಇಲ್ಲ. ಕಾಡಿನ ಪೆಂಗ್ವಿನ್‌ಗೆ ಇದು ಪೂರ್ತಿ ಉಪವಾಸದ ಕಾಲ. ಮೃಗಾಲಯದಲ್ಲಿ ಕಣ್ಣೆದುರಿಗೆ ಮೀನು ಇಟ್ಟರೂ ಎಷ್ಟೋ ಹಕ್ಕಿಗಳು ಈ ದಿನಗಳಲ್ಲಿ ಸರಿಯಾಗಿ ತಿನ್ನುವುದಿಲ್ಲ.

ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ತೀರದಲ್ಲಿರುವ ಆಫ್ರಿಕನ್ ಪೆಂಗ್ವಿನ್ ಇದಕ್ಕೆ ಮೊದಲು ಸುಮಾರು ಐದು ವಾರ ಚೆನ್ನಾಗಿ ತಿಂದು ಕೊಬ್ಬು ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಸುಮಾರು ಮೂರು ವಾರ ದಡದಲ್ಲಿ ನಿಂತು ಹತ್ತಿರ ಹತ್ತಿರ ಅರ್ಧ ತೂಕ ಕಳೆದುಕೊಳ್ಳುತ್ತದೆ. ಬರೀ ಕೊಬ್ಬು ಕರಗಿದರೆ ಸಾಲದು, ಗರಿ ಪ್ರೋಟೀನಿನಿಂದಲೇ ಆಗಬೇಕು. ತಿನ್ನಲು ಏನೂ ಇಲ್ಲದಾಗ ಆ ಪ್ರೋಟೀನು ಎಲ್ಲಿಂದ ಬರಬೇಕು ಹೇಳಿ? ತನ್ನ ಮೈಯ ಮಾಂಸದಿಂದಲೇ. ಎದೆಯ ಮಾಂಸವನ್ನು ಕರಗಿಸಿ ಅದು ಹೊಸ ಗರಿ ಕಟ್ಟಿಕೊಳ್ಳುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಅಪಾಯ ಎಲ್ಲಿದೆ ಅಂದರೆ, ಆ ಐದು ವಾರದಲ್ಲಿ ಸಾಕಷ್ಟು ಮೀನು ಸಿಗದಿದ್ದರೆ. ಗರಿ ಬದಲಿಸುವ ಕೆಲಸ ಶುರುವಾದಮೇಲೆ ನಡುವೆ ನಿಲ್ಲಿಸುವಂತಿಲ್ಲ. ಕೊಬ್ಬು ಮುಗಿದರೂ ದಡದಲ್ಲೇ ನಿಲ್ಲಬೇಕು. ಆಫ್ರಿಕನ್ ಪೆಂಗ್ವಿನ್‌ಗಳ ನೆಚ್ಚಿನ ಸಾರ್ಡೀನ್, ಆಂಚೊವಿ ಮೀನುಗಳು ಅಲ್ಲಿ ಕಡಿಮೆಯಾಗಿವೆ. 2024ರಲ್ಲಿ ಆ ಪೆಂಗ್ವಿನ್ ಅಳಿವಿನ ಅತ್ಯಂತ ಅಪಾಯದ ಪಟ್ಟಿಗೆ ಸೇರಿತು.

ಪ್ರಶ್ನೆ: ಅಂಟಾರ್ಕ್ಟಿಕಾದ ಗಂಡು ಪೆಂಗ್ವಿನ್ ನಾಲ್ಕು ತಿಂಗಳು ಊಟ ಬಿಟ್ಟು ಮೊಟ್ಟೆಗೆ ಕಾವು ಕೊಡುತ್ತದೆ ಎಂದು ಓದಿದೆ. ಅದಕ್ಕೆ ಸ್ಟ್ರೆಸ್ ಆಗುವುದಿಲ್ಲವೇ? ನಾವು ಒಂದು ಹೊತ್ತು ಊಟ ತಪ್ಪಿದರೆ ಸಿಡಿಮಿಡಿ ಅನ್ನುತ್ತೇವೆ, ಅಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ಎಂಪರರ್ ಪೆಂಗ್ವಿನ್ ವಿಷಯ. ಹೆಣ್ಣು ಮೇ, ಜೂನ್ ಹೊತ್ತಿಗೆ ಒಂದೇ ಒಂದು ಮೊಟ್ಟೆ ಇಟ್ಟು ಗಂಡಿನ ಪಾದದ ಮೇಲೆ ಬಿಟ್ಟು ಸಮುದ್ರಕ್ಕೆ ಹೋಗುತ್ತದೆ. ಗಂಡು ಸುಮಾರು 64 ದಿನ ಕಾವು ಕೊಡಬೇಕು. ಜೋಡಿ ಹುಡುಕುವ ದಿನಗಳನ್ನೂ ಸೇರಿಸಿದರೆ ಉಪವಾಸ 115 ದಿನದ ಆಸುಪಾಸು. 38 ಕಿಲೋ ಇದ್ದ ಹಕ್ಕಿ 23 ಕಿಲೋಗೆ ಇಳಿಯುತ್ತದೆ. ಸಾವಿರಾರು ಗಂಡುಗಳು ಮೈಗೆ ಮೈ ಒತ್ತಿ ಗುಂಪಾಗಿ ನಿಲ್ಲುವುದರಿಂದಲೇ ಅಷ್ಟು ದಿನ ಕೊಬ್ಬು ಬಾಳುತ್ತದೆ. ಹೊರಗೆ ಕೊರೆಯುವ ಹಿಮಗಾಳಿ ಇದ್ದರೂ ಗುಂಪಿನ ನಡುವೆ ಕೆಲವೊಮ್ಮೆ 37 ಡಿಗ್ರಿವರೆಗೆ ಬಿಸಿ ಇರುತ್ತದೆ.

ಮಲೆನಾಡಿನ ಮನೆಗಳಲ್ಲಿ ಕಾವು ಕೂತ ಕೋಳಿಯನ್ನು ನೀವು ನೋಡಿರುತ್ತೀರಿ. ಬುಟ್ಟಿಯಿಂದ ಏಳುವುದೇ ಇಲ್ಲ. ಕಾಳು ಹಾಕಿದರೂ ನಾಲ್ಕು ಹೆಕ್ಕಿ ಓಡಿಬಂದು ಮತ್ತೆ ಕೂರುತ್ತದೆ. ಹಾಗೆ ಕೂರಿಸುವ ಹಾರ್ಮೋನಿನ ಹೆಸರು ಪ್ರೊಲ್ಯಾಕ್ಟಿನ್. ಪೆಂಗ್ವಿನ್‌ನಲ್ಲೂ ಅದೇ ಕೆಲಸ ಮಾಡುವುದು.

ಈಗ ಸ್ಟ್ರೆಸ್ ವಿಷಯಕ್ಕೆ ಬರುತ್ತೇನೆ. ಹಕ್ಕಿಗಳಲ್ಲಿ ಒತ್ತಡ ಬಂದಾಗ ಏರುವ ಹಾರ್ಮೋನು ಕಾರ್ಟಿಕೋಸ್ಟೆರಾನ್. ಫ್ರಾನ್ಸಿನ ವಿಜ್ಞಾನಿಗಳಾದ ಇವಾನ್ ಲೆ ಮಾಹೋ, ರೆನೆ ಗ್ರೋಸ್ಕೋಲಾ ಮತ್ತು ಅವರ ಜೊತೆಗಾರರು ಎಂಪರರ್ ಮತ್ತು ಕಿಂಗ್ ಪೆಂಗ್ವಿನ್‌ಗಳ ಉಪವಾಸವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಉಪವಾಸಕ್ಕೆ ಮೂರು ಹಂತ ಇದೆ ಎಂದು ಅದರಿಂದ ಗೊತ್ತಾಯಿತು. ಮೊದಲ ಕೆಲವು ದಿನ ದೇಹ ಉಪವಾಸಕ್ಕೆ ಹೊಂದಿಕೊಳ್ಳುತ್ತದೆ. ಎರಡನೆಯದು ತುಂಬಾ ಉದ್ದ. ಅದರಲ್ಲಿ ಕೊಬ್ಬೇ ಉರಿಯುತ್ತದೆ, ಮಾಂಸ ಉಳಿಯುತ್ತದೆ, ಕಾರ್ಟಿಕೋಸ್ಟೆರಾನ್ ಕೆಳಮಟ್ಟದಲ್ಲೇ ಇರುತ್ತದೆ. ಅಂದರೆ ನೂರು ದಿನ ಹಸಿದಿರುವ ಹಕ್ಕಿಯ ರಕ್ತ ನೋಡಿದರೆ ಅದು ಗಾಬರಿಯಲ್ಲಿಲ್ಲ! ನಮ್ಮ ಕಣ್ಣಿಗೆ ಘೋರ ಅನ್ನಿಸುವುದು ಅದಕ್ಕೆ ಲೆಕ್ಕ ಹಾಕಿ ಇಟ್ಟುಕೊಂಡ ಖರ್ಚು.

ಹೆಣ್ಣು ಬರುವುದು ತಡವಾಗಿ ಕೊಬ್ಬು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಿತು ಅನ್ನಿ. ಆಗ ಮೂರನೆಯ ಹಂತ. ಮಾಂಸ ಕರಗತೊಡಗುತ್ತದೆ, ಕಾರ್ಟಿಕೋಸ್ಟೆರಾನ್ ಏರುತ್ತದೆ, ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಅಷ್ಟು ದಿನ ಹಿಮಗಾಳಿಗೂ ಅಲುಗಾಡದ ಹಕ್ಕಿ ಮೊಟ್ಟೆ ಬಿಟ್ಟು ಸಮುದ್ರದ ಕಡೆ ನಡೆಯುತ್ತದೆ. ಅದನ್ನು ಕೆಟ್ಟ ಅಪ್ಪ ಅನ್ನಬೇಡಿ. ಸಮುದ್ರ ಎಷ್ಟೋ ಕಿಲೋಮೀಟರ್ ದೂರ ಇರುತ್ತದೆ, ಅಲ್ಲಿಯವರೆಗೆ ನಡೆಯಲು ಬೇಕಾದಷ್ಟು ಕಸುವು ಮೈಯಲ್ಲಿ ಉಳಿದಿರುವಾಗಲೇ ಹಾರ್ಮೋನು ಅದನ್ನು ಎಬ್ಬಿಸುತ್ತದೆ. ಅದು ಬದುಕಿದರೆ ಮುಂದಿನ ವರ್ಷ ಮತ್ತೊಂದು ಮೊಟ್ಟೆ ಉಂಟು. ಸ್ಟ್ರೆಸ್ ಹಾರ್ಮೋನು ಅಂದ ಕೂಡಲೇ ಕೆಟ್ಟದ್ದು ಅಂದುಕೊಳ್ಳುತ್ತೇವೆ, ಇಲ್ಲಿ ಹಕ್ಕಿಯನ್ನು ಉಳಿಸುವುದು ಅದೇ.

ಪ್ರಶ್ನೆ: ರಕ್ತ ತೆಗೆಯಲು ಹಿಡಿದರೇ ಪೆಂಗ್ವಿನ್‌ಗೆ ಗಾಬರಿ ಆಗುತ್ತದೆ. ಹಾಗಿದ್ದಮೇಲೆ ಆ ಅಳತೆಯನ್ನು ನಂಬುವುದು ಹೇಗೆ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಳ್ಳೆಯ ಪ್ರಶ್ನೆ. ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೆದರೆ ಹಿಡಿಯುವ ಮೊದಲಿನ ಮಟ್ಟವೇ ಸಿಗುತ್ತದೆ, ಯಾಕೆಂದರೆ ಹಾರ್ಮೋನು ಏರಲು ಅಷ್ಟು ಹೊತ್ತು ಬೇಕು. ಹಿಕ್ಕೆಯಲ್ಲೂ ಗರಿಯಲ್ಲೂ ಅದನ್ನು ಅಳೆಯಬಹುದು.

ಆದರೆ ನೋಡಲು ಹೋದವರಿಂದಲೇ ತೊಂದರೆ ಆಗಿದ್ದೂ ಉಂಟು. ಗುರುತಿಗಾಗಿ ಪೆಂಗ್ವಿನ್ ರೆಕ್ಕೆಗೆ ಲೋಹದ ಪಟ್ಟಿ ಹಾಕುತ್ತಿದ್ದರು. ಲೆ ಮಾಹೋ ಅವರ ತಂಡ ಕಿಂಗ್ ಪೆಂಗ್ವಿನ್‌ಗಳನ್ನು 10 ವರ್ಷ ಹಿಂಬಾಲಿಸಿ 2011ರಲ್ಲಿ ಫಲಿತಾಂಶ ಹೇಳಿತು: ಪಟ್ಟಿ ಹಾಕಿದವು ಉಳಿದವಕ್ಕಿಂತ ಶೇಕಡಾ 39ರಷ್ಟು ಕಡಿಮೆ ಮರಿ ಬೆಳೆಸಿದ್ದವು, ಬದುಕುಳಿಯುವ ಪ್ರಮಾಣವೂ ಶೇಕಡಾ 16ರಷ್ಟು ಕಡಿಮೆ. ಈಜುವಾಗ ಪಟ್ಟಿ ನೀರಿಗೆ ಅಡ್ಡ ಬರುತ್ತದೆ, ಪ್ರತಿ ಸಲವೂ ಸ್ವಲ್ಪ ಜಾಸ್ತಿ ಶಕ್ತಿ ಬೇಕು. ಅಷ್ಟು ಸಣ್ಣ ಹೊರೆ ಹತ್ತು ವರ್ಷಕ್ಕೆ ಅಷ್ಟು ದೊಡ್ಡದಾಯಿತು. ಚರ್ಮದಡಿ ಇಡುವ ಸಣ್ಣ ಚಿಪ್ ಇದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ನಮ್ಮ ಪರಿಚಯದವರು ಹಡಗಿನಲ್ಲಿ ಅಂಟಾರ್ಕ್ಟಿಕಾಗೆ ಹೋಗಿ ಪೆಂಗ್ವಿನ್ ಫೋಟೋ ಕಳಿಸಿದ್ದಾರೆ. ಅವು ಜನರನ್ನು ಕಂಡು ಓಡುವುದೇ ಇಲ್ಲವಂತೆ. ಅಂದರೆ ಭಯ ಇಲ್ಲ ಅಂತಲೇ?
– ಓದುಗರು, ಬೆಂಗಳೂರು

ಉತ್ತರ: ಓಡುವುದಿಲ್ಲ ಅಂದಮಾತ್ರಕ್ಕೆ ಸುಮ್ನೆ ಆರಾಮಾಗಿದೆ ಅಂದುಕೊಳ್ಳಬೇಡಿ. ಗೂಡಿನಲ್ಲಿ ಮೊಟ್ಟೆ ಇದ್ದಾಗ ಅದು ಓಡುವುದಾದರೂ ಹೇಗೆ? ಕೂತಲ್ಲೇ ಎದೆಬಡಿತ ಏರಿರುತ್ತದೆ.

ಹಾಗಂತ ಎಲ್ಲ ಕಡೆ ಒಂದೇ ಅಲ್ಲ. ಅರ್ಜೆಂಟೀನಾದ ಪುಂಟಾ ಟೊಂಬೊದಲ್ಲಿ ಮೆಜೆಲ್ಲನಿಕ್ ಪೆಂಗ್ವಿನ್‌ಗಳ ಪಕ್ಕದಲ್ಲೇ ಪ್ರವಾಸಿಗರು ಓಡಾಡುತ್ತಾರೆ. ಅಲ್ಲಿ ಜನ ಬರುವ ಜಾಗದ ದೊಡ್ಡ ಹಕ್ಕಿಗಳು ಮನುಷ್ಯರಿಗೆ ಒಗ್ಗಿಹೋಗಿವೆ, ಹಾರ್ಮೋನು ಅಷ್ಟಾಗಿ ಏರುವುದಿಲ್ಲ. ಆದರೆ ಅದೇ ಜಾಗದಲ್ಲಿ ಆಗ ತಾನೇ ಹುಟ್ಟಿದ ಮರಿಗಳನ್ನು ಹಿಡಿದಾಗ, ಜನ ಬರದ ಜಾಗದ ಮರಿಗಳಿಗಿಂತ ಹೆಚ್ಚು ಏರಿತು. ಅಪ್ಪ ಅಮ್ಮ ಒಗ್ಗಿದ್ದಾರೆ ಅಂತ ಮರಿಯೂ ಒಗ್ಗಿದೆ ಅನ್ನುವ ಹಾಗಿಲ್ಲ. ಅಂಟಾರ್ಕ್ಟಿಕಾ ಪ್ರವಾಸದಲ್ಲಿ ಐದು ಮೀಟರ್ ದೂರ ನಿಲ್ಲಿ, ಅವು ನಡೆಯುವ ದಾರಿಗೆ ಅಡ್ಡ ಬರಬೇಡಿ ಎಂದು ಹೇಳುತ್ತಾರೆ. ಗರಿ ಉದುರಿಸುತ್ತಾ ನಿಂತಿದ್ದರೆ ಇನ್ನೂ ದೂರ ಇರಿ. ಆ ದಿನಗಳಲ್ಲಿ ನಾಲ್ಕು ಹೆಜ್ಜೆ ಸುಮ್ನೆ ಓಡಿದರೂ ಅದರ ಕೊಬ್ಬಿನ ಲೆಕ್ಕದಲ್ಲಿ ಖರ್ಚೇ.

ಪ್ರಶ್ನೆ: ಅಮ್ಮ ಬರುವ ಮೊದಲೇ ಎಂಪರರ್ ಮರಿ ಮೊಟ್ಟೆಯಿಂದ ಹೊರಗೆ ಬಂದರೆ ಏನು ತಿನ್ನುತ್ತದೆ?
– ಆರನೇ ತರಗತಿ, ಹಾಸನ

ಉತ್ತರ: ಅಪ್ಪನ ಹಾಲು ಕುಡಿಯುತ್ತದೆ, ಪುಟ್ಟಿ! ಅಪ್ಪನ ಅನ್ನನಾಳದಲ್ಲಿ ಮೊಸರಿನ ಹಾಗೆ ಬಿಳಿಯಾಗಿ ಒಂದು ರಸ ಆಗುತ್ತದೆ. ಮರಿ ಅಪ್ಪನ ಬಾಯೊಳಗೆ ಕೊಕ್ಕು ಹಾಕಿ ಅದನ್ನು ಕುಡಿಯುತ್ತದೆ. ನಿಮ್ಮ ಊರಿನ ಪಾರಿವಾಳವೂ ಮರಿಗೆ ಇಂಥದ್ದೇ ಹಾಲು ಕೊಡುತ್ತದೆ, ಗಮನಿಸಿ ನೋಡು. ಆದರೆ ಪಾರಿವಾಳ ದಿನಾ ಕಾಳು ತಿಂದಿರುತ್ತದೆ. ಈ ಅಪ್ಪ ಕೊನೆಯ ಸಲ ಮೀನು ತಿಂದು ಹೆಚ್ಚುಕಡಿಮೆ ನಾಲ್ಕು ತಿಂಗಳಾಗಿದೆ. ಆದರೂ ಕೆಲವು ದಿನ ಮರಿಯನ್ನು ಸಾಕುವಷ್ಟು ಹಾಲು ಅವನ ಮೈಯಲ್ಲಿರುತ್ತದೆ. ಅಷ್ಟರೊಳಗೆ ಅಮ್ಮ ಹೊಟ್ಟೆ ತುಂಬಾ ಮೀನು ಹೊತ್ತು ಬರಬೇಕು. ಬಂದವಳು ಕೂಗಿ ಕರೆಯುತ್ತಾಳೆ. ಅಷ್ಟು ಸಾವಿರ ಹಕ್ಕಿಗಳ ನಡುವೆ ಇಬ್ಬರೂ ಒಬ್ಬರನ್ನೊಬ್ಬರು ದನಿಯಿಂದಲೇ ಗುರುತು ಹಿಡಿಯುತ್ತಾರೆ.