ಕೂಸು ಯಾರು, ಮೇಷ್ಟ್ರೇ?

'ಮಾನ್ಯ ಸಂಪಾದಕರೇ, ಹೋದ ಸಂಚಿಕೆಯಲ್ಲಿ ಮತ್ತೆ ಉಕ್ರೇನ್ ಯುದ್ಧಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಅದರಲ್ಲಿ ಅಷ್ಟೊಂದು ಬರೆಯುವುದೇನಿದೆ? ಅಮೆರಿಕ, ರಷ್ಯಾ ಎಂಬ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು, ಅಷ್ಟೆ. 1971ರಲ್ಲಿ ನಮ್ಮ ಕೈ ಹಿಡಿದವರು ರಷ್ಯಾದವರು. ಈಗ ಅಗ್ಗದಲ್ಲಿ ತೈಲವನ್ನೂ ಕೊಡುತ್ತಿದ್ದಾರೆ. ನಮಗೇಕೆ ಊರ ಉಸಾಬರಿ? ತಾ.ಕ.: ಪತ್ರಿಕೆ ತೆಳ್ಳಗಾಗಿದೆ. ನಿಮ್ಮ ಗಮನಕ್ಕೆ ಬಂದಿದೆಯೇ?'
– ನಿವೃತ್ತ ಹೈಸ್ಕೂಲ್ ಅಧ್ಯಾಪಕರು, ತಿಪಟೂರು

ಮೇಷ್ಟ್ರೇ,

ಇನ್‌ಲ್ಯಾಂಡ್ ಲೆಟರಿನ ಎಲ್ಲ ಮಗ್ಗುಲೂ ತುಂಬಿದ ಮೇಲೆ ಮಡಿಕೆಯ ಅಂಚಿನಲ್ಲೂ ಎರಡು ಸಾಲು ತುರುಕುವ ಓದುಗರು ನಮಗೆ ಉಳಿದಿರುವುದು ನೀವೊಬ್ಬರೇ. ಆ ದುಂಡನೆಯ ಅಕ್ಷರ ನೋಡಿದರೆ ಅರ್ಧ ಒಪ್ಪಿಬಿಡೋಣ ಅನ್ನಿಸುತ್ತದೆ. ಒಪ್ಪಿದ್ದೇನೆ ಕೂಡ. 1971ರ ಆಗಸ್ಟ್ 9ರ ಮೈತ್ರಿ ಒಪ್ಪಂದ, ಡಿಸೆಂಬರಿನಲ್ಲಿ ಭದ್ರತಾ ಮಂಡಳಿಯಲ್ಲಿ ನಮ್ಮ ಪರವಾಗಿ ಬಿದ್ದ ವೀಟೋಗಳು, ಇವನ್ನು ಮರೆತವನು ಕೃತಘ್ನ. 2003ರಲ್ಲಿ ಇರಾಕಿಗೆ ನುಗ್ಗಿದವರು ಗಡಿಯ ಪಾವಿತ್ರ್ಯದ ಪಾಠ ಹೇಳಿದರೆ ನಗು ಬರುವುದೂ ನಿಜ. ಅಮೆರಿಕದ ಮುಂದಾಳುತನದ ಸೇನಾ ಕೂಟ ನ್ಯಾಟೊ ಪೂರ್ವಕ್ಕೆ ಹಿಗ್ಗುವುದು ಬೇಡವೆಂದು ಅಮೆರಿಕದವರೇ ಆದ ರಾಜತಂತ್ರಜ್ಞ ಜಾರ್ಜ್ ಕೆನನ್ 1997ರಲ್ಲಿ ಎಚ್ಚರಿಸಿದ್ದರು. ಇಷ್ಟು ನಿಮ್ಮ ಲೆಕ್ಕಕ್ಕೆ ಜಮಾ.

ಇನ್ನು ಖರ್ಚಿನ ಬಾಬ್ತು. 1971ರಲ್ಲಿ ನಮ್ಮ ಕೈ ಹಿಡಿದದ್ದು ಸೋವಿಯತ್ ಒಕ್ಕೂಟ. ಅದರೊಳಗೆ ಉಕ್ರೇನೂ ಇತ್ತು. ಆಗಿನ ನಾಯಕ ಬ್ರೆಝ್ನೆವ್ ಹುಟ್ಟಿದ್ದೇ ಉಕ್ರೇನಿನಲ್ಲಿ. ಅವಿಭಕ್ತ ಕುಟುಂಬ ಮಾಡಿದ ಉಪಕಾರವನ್ನು ಪಾಲಾದ ಮೇಲೆ ದೊಡ್ಡಣ್ಣನೊಬ್ಬನ ಖಾತೆಗೇ ಬರೆದುಕೊಟ್ಟರೆ ಹೇಗೆ? 2024ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿದ 'ಐಎನ್‌ಎಸ್ ತುಶಿಲ್' ಕಟ್ಟಿದ್ದು ರಷ್ಯಾದ ಕಲಿನಿನ್‌ಗ್ರಾಡಿನಲ್ಲಿ. ಅದರ ಹೊಟ್ಟೆಯಲ್ಲಿ ತಿರುಗುವ ಗ್ಯಾಸ್ ಟರ್ಬೈನ್ ಬಂದದ್ದು ಉಕ್ರೇನಿನಿಂದ. ಇಬ್ಬರೂ ಹೊಡೆದಾಡುತ್ತಿರುವಾಗಲೇ ಒಬ್ಬರ ಹಡಗಿಗೆ ಇನ್ನೊಬ್ಬರ ಎಂಜಿನ್ ಕೂರಿಸಿ ಮನೆಗೆ ತಂದುಕೊಂಡವರು ನಾವು. ಉಸಾಬರಿ ಇಲ್ಲ ಅನ್ನುತ್ತೀರಾ? ಹಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು, ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿ ದಾಳಿಗೆ ಸಿಕ್ಕಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ನಿಮ್ಮ ಗಾದೆಯ ಮೇಲೆ. ಕೂಸು ಅಂದಿರಲ್ಲ, ಆ ಕೂಸಿನ ಕೈಯಲ್ಲಿ ಒಂದು ಕಾಲಕ್ಕೆ ಪ್ರಪಂಚದ ಮೂರನೇ ಅತಿ ದೊಡ್ಡ ಅಣ್ವಸ್ತ್ರ ರಾಶಿಯಿತ್ತು. ದೂರಗಾಮಿ ಸಿಡಿತಲೆಗಳೇ ಸುಮಾರು 1,900. ಗುಂಡಿ ಒತ್ತುವ ಅಧಿಕಾರ ಮಾಸ್ಕೋದಲ್ಲಿತ್ತು ಎಂಬ ತಕರಾರು ಸರಿಯೇ. ಆದರೂ ಮನೆಯಲ್ಲಿದ್ದ ಮಾಲನ್ನು ಅವರು ಬಿಟ್ಟುಕೊಟ್ಟರು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ಅಮೆರಿಕ, ಬ್ರಿಟನ್, ರಷ್ಯಾ ಮೂವರೂ ರುಜು ಹಾಕಿ, ನಿಮ್ಮ ಗಡಿಯನ್ನು ಗೌರವಿಸುತ್ತೇವೆ, ನಿಮ್ಮ ಮೇಲೆ ಬಲ ಪ್ರಯೋಗಿಸುವುದಿಲ್ಲ ಎಂದು ಬರೆದುಕೊಟ್ಟರು. 1996ರ ಹೊತ್ತಿಗೆ ಕೊನೆಯ ಸಿಡಿತಲೆಯೂ ರಷ್ಯಾಕ್ಕೆ ಹೋಯಿತು. ಆಮೇಲೆ ಗ್ಯಾಸಿನ ಬಾಕಿಗೆ ಜಮೆಯಾಗಿ ಟಿಯು-160, ಟಿಯು-95 ಬಾಂಬರ್‌ಗಳು ಹನ್ನೊಂದು ಹೋದವು. ಇವತ್ತು ಉಕ್ರೇನಿನ ಊರುಗಳ ಮೇಲೆ ಕ್ಷಿಪಣಿ ಬಿಡುತ್ತಿರುವುದು ಇದೇ ಜಾತಿಯ ವಿಮಾನಗಳು. ಸಾಲ ತೀರಿಸಲು ಕೊಟ್ಟ ಹೋರಿ ಬೇಲಿ ಮುರಿದು ನಮ್ಮ ಹೊಲಕ್ಕೇ ನುಗ್ಗಿದ ಹಾಗೆ.

ಆ ಕಾಗದವನ್ನು ನಾನು ಹಲವು ಸಲ ಓದಿದ್ದೇನೆ. ಪ್ರೂಫ್ ನೋಡಿ ನೋಡಿ ಕಣ್ಣು ಕೆಟ್ಟವನಿಗೆ ಮೊದಲು ಕಾಣುವುದು ಪದ. ಇಂಗ್ಲಿಷ್ ಪ್ರತಿಯ ತಲೆಬರಹದಲ್ಲಿ 'ಅಶ್ಯೂರೆನ್ಸಸ್' ಎಂದಿದೆ. ಉಕ್ರೇನಿಯನ್ ಮತ್ತು ರಷ್ಯನ್ ಪ್ರತಿಗಳಲ್ಲಿರುವುದು 'ಗ್ಯಾರಂಟಿ' ಎಂಬ ಪದವೇ. (ನಮ್ಮ ರಾಜ್ಯದಲ್ಲಿ ಆ ಪದಕ್ಕೆ ಈಗ ಬೇರೆಯೇ ಕಳೆ ಬಂದಿದೆ, ಅದು ಬಿಡಿ.) ಒಂದು ಕಡೆ ಭರವಸೆ, ಇನ್ನೊಂದು ಕಡೆ ಖಾತರಿ. ಅಮೆರಿಕದವರು ಈ ವ್ಯತ್ಯಾಸವನ್ನು ತಿಳಿದೇ ಇಟ್ಟಿದ್ದರು. ಖಾತರಿ ಕೊಟ್ಟರೆ ಸೈನ್ಯ ಕಳಿಸಬೇಕಾಗುತ್ತಿತ್ತು. ಇನ್ನು ಆರನೇ ಕಲಮು. ಈ ಮಾತುಗಳ ಬಗ್ಗೆ ಪ್ರಶ್ನೆ ಎದ್ದರೆ ಸಹಿದಾರರು 'ಸಮಾಲೋಚನೆ' ನಡೆಸತಕ್ಕದ್ದು. ಅಲ್ಲಿಗೆ ಮುಗಿಯಿತು. 2014ರಲ್ಲಿ ತನ್ನ ಕ್ರಿಮಿಯಾ ಪ್ರದೇಶ ಕೈಬಿಟ್ಟು ರಷ್ಯಾದ ಪಾಲಾಗುತ್ತಿದ್ದಾಗ ಉಕ್ರೇನ್ ಈ ಕಾಗದ ಹಿಡಿದು ಪ್ಯಾರಿಸ್ಸಿಗೆ ಹೋಯಿತು. ರಷ್ಯಾದ ಮಂತ್ರಿ ಆ ಸಭೆಗೆ ಬರಲೇ ಇಲ್ಲ.

ಓದುವಾಗೆಲ್ಲ ನನಗೆ ನೆನಪಾಗುವುದು ನಮ್ಮಪ್ಪನ ಟ್ರಂಕು. ಪಕ್ಕದ ಹೊಲದವರು ಪ್ರತಿ ಮುಂಗಾರಿಗೂ ಬದುವನ್ನು ಒಂದೊಂದು ಸಾಲು ನಮ್ಮ ಕಡೆಗೆ ಉತ್ತುಕೊಂಡು ಬರುತ್ತಿದ್ದರು. ಪಂಚಾಯ್ತಿಯಾಗಿ, ಛಾಪಾ ಕಾಗದದ ಮೇಲೆ ಬರೆಸಿ, ಊರಿನ ಮೂವರು ಹಿರಿಯರು ರುಜು ಹಾಕಿದರು. ಅಪ್ಪ ಅದನ್ನು ಮಲ್ಲು ಪಂಚೆಯ ಮಡಿಕೆಯೊಳಗೆ ಇಟ್ಟು ಟ್ರಂಕಿಗೆ ಬೀಗ ಹಾಕಿದರು. ಎರಡೇ ವರ್ಷಕ್ಕೆ ಬದು ಮತ್ತೆ ಜರುಗಿತು. ಕಾಗದ ತೆಗೆದುಕೊಂಡು ಹಿರಿಯರ ಮನೆಗೆ ಹೋದೆವು. ನಾನಾಗ ಆರನೇ ಕ್ಲಾಸು. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿ, 'ತಕರಾರು ಬಂದರೆ ಕೂತು ಮಾತಾಡತಕ್ಕದ್ದು ಅಂತ ಇದೆಯಲ್ಲಪ್ಪ, ಕೂತ್ಕೊ' ಅಂದು ಒಳಗೆ ಕಾಫಿಗೆ ಹೇಳಿದರು.

ನಮ್ಮ ಹಳೆಯ ಶಾಸನ ಬರೆಸಿದವರು ಈ ವಿಷಯದಲ್ಲಿ ಜಾಣರು. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲಿ ಎಂದು ಕಲ್ಲಿನ ಮೇಲೇ ಕೆತ್ತಿಸಿದರು. ತಪ್ಪಿದವನಿಗೆ ಏನಾಗುತ್ತದೆ ಎಂಬುದಾದರೂ ಅದರಲ್ಲಿದೆ. ಬುಡಾಪೆಸ್ಟಿನ ಕಾಗದದಲ್ಲಿ ಹುಳುವೂ ಇಲ್ಲ.

ಹಾಗೆಂದು ಎಲ್ಲ ಕಾಗದವೂ ರದ್ದಿಯಲ್ಲ. 1936ರ ಮೊಂಟ್ರೂ ಒಪ್ಪಂದದ ಪ್ರಕಾರ ಕಪ್ಪು ಸಮುದ್ರದ ಜಲಸಂಧಿಗಳ ಬಾಗಿಲು ಟರ್ಕಿಯ ಕೈಯಲ್ಲಿದೆ. 2022ರಲ್ಲಿ ಯುದ್ಧ ಶುರುವಾದ ನಾಲ್ಕೈದು ದಿನಕ್ಕೇ ಟರ್ಕಿ ಆ ಬಾಗಿಲು ಹಾಕಿತು. ಏಪ್ರಿಲ್ 14ರಂದು ರಷ್ಯಾದ ಕಪ್ಪು ಸಮುದ್ರ ಪಡೆಯ ಮುಖ್ಯ ನೌಕೆ 'ಮಾಸ್ಕ್ವಾ' ಉಕ್ರೇನಿನ ಕ್ಷಿಪಣಿಗೆ ಸಿಕ್ಕಿ ಮುಳುಗಿದಾಗ (ಅದನ್ನು ಕಟ್ಟಿದ್ದೂ ಉಕ್ರೇನಿನ ಮಿಕೊಲಾಯಿವ್‌ನಲ್ಲೇ) ಅದರ ಜಾಗಕ್ಕೆ ಬೇರೆ ಸಮುದ್ರದಿಂದ ಇನ್ನೊಂದನ್ನು ತರಲು ರಷ್ಯಾಕ್ಕೆ ದಾರಿಯಿರಲಿಲ್ಲ. ಟರ್ಕಿ ಕಾಗದವನ್ನು ಉಳಿಸಿಕೊಂಡಿರುವುದು ಧರ್ಮಕ್ಕಲ್ಲ. ಬೀಗದ ಕೈ ತನ್ನ ಸೊಂಟದಲ್ಲಿರಲಿ ಎಂಬ ಸ್ವಾರ್ಥಕ್ಕೆ. ಆ ಹಡಗು ಮುಳುಗಿಸಿದ್ದು ನೌಕಾಪಡೆ ಎಂದು ಹೇಳಿಕೊಳ್ಳುವಂಥದ್ದೇ ಇಲ್ಲದ ಉಕ್ರೇನ್. ಅದನ್ನು ಕೂಸು ಅನ್ನಬೇಡಿ ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನಿಂದ ಎದ್ದು ಎದುರುತ್ತರ ಕೊಡುತ್ತಿದ್ದ ಹುಡುಗ ಅನ್ನಿ.

ಬುಡಾಪೆಸ್ಟಿನ ಗತಿ ನೋಡಿದ ಮೇಲೆ ಅಕ್ಕಪಕ್ಕದವರು ಸುಮ್ಮನಿದ್ದಾರೆಯೇ? ರಷ್ಯಾದ ಜೊತೆ 1,300 ಕಿಲೋಮೀಟರಿಗೂ ಉದ್ದದ ಗಡಿಯಿರುವ ಫಿನ್ಲೆಂಡ್ 2023ರ ಏಪ್ರಿಲ್ 4ರಂದು ನ್ಯಾಟೊ ಸೇರಿತು. ಇನ್ನೂರು ವರ್ಷ ಯಾವ ಯುದ್ಧಕ್ಕೂ ಇಳಿಯದ ಸ್ವೀಡನ್ ಮರುವರ್ಷ ಸೇರಿತು. ನ್ಯಾಟೊ ತನ್ನ ಬಾಗಿಲಿಗೆ ಬಾರದಿರಲಿ ಎಂದು ಯುದ್ಧ ಹೂಡಿದವರು ಅದನ್ನು ಕರೆದು ಕೂರಿಸಿಕೊಂಡರು. ಆಯುಧದ ಮಾತೆತ್ತಿದರೆ ತಲೆ ತಗ್ಗಿಸುತ್ತಿದ್ದ ಜರ್ಮನಿ ಯುದ್ಧ ಶುರುವಾದ ಮೂರೇ ದಿನದಲ್ಲಿ ಸೇನೆಗೆ 100 ಶತಕೋಟಿ ಯೂರೋ ಘೋಷಿಸಿತು. 2025ರ ಜೂನಿನಲ್ಲಿ ಹೇಗ್‌ನಲ್ಲಿ ಸೇರಿದ ನ್ಯಾಟೊ ದೇಶಗಳು 2035ರ ಹೊತ್ತಿಗೆ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೆಂದು ತೆಗೆದಿಡಲು ಒಪ್ಪಿದವು. ಆ ಕಡೆ ರಷ್ಯಾದ ಪರವಾಗಿ ಅದರ ಗಡಿಪ್ರಾಂತ್ಯ ಕುರ್ಸ್ಕ್‌ನಲ್ಲಿ ಉತ್ತರ ಕೊರಿಯಾದ ಸೈನಿಕರು ಕಾದಾಡಿದರು. ಅಣುಬಾಂಬು ಬಿಡದೆ ಹಿಡಿದುಕೊಂಡ ದೇಶ, ಬಿಟ್ಟುಕೊಟ್ಟ ದೇಶದ ಮೇಲೆ ಸೈನ್ಯ ಕಳಿಸಿದ್ದನ್ನು ಬೇರೆ ರಾಜಧಾನಿಗಳಲ್ಲಿ ಗಮನಿಸಿರುವುದಿಲ್ಲ ಎಂದುಕೊಂಡಿದ್ದೀರಾ?

ಇನ್ನೊಬ್ಬ ಸಹಿದಾರನ ಕಥೆಯನ್ನೂ ಕೇಳಿ. 2025ರ ಫೆಬ್ರುವರಿ 24ಕ್ಕೆ ಯುದ್ಧಕ್ಕೆ ಮೂರು ವರ್ಷ ತುಂಬಿತು. ಅವತ್ತು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಉಕ್ರೇನ್ ಮತ್ತು ಯುರೋಪಿನವರು ತಂದ ಗೊತ್ತುವಳಿಯ ವಿರುದ್ಧ ಅಮೆರಿಕ ಮತ ಹಾಕಿತು, ರಷ್ಯಾದ ಜೊತೆ ಕೂತು. ನಿಮ್ಮ ಗಾದೆಯ ಗಂಡ ಹೆಂಡಿರು ರಾಜಿಯಾಗಿಬಿಟ್ಟರು ನೋಡಿ, ಜಗಳ ಮಾತ್ರ ನಿಲ್ಲಲಿಲ್ಲ. ಭಾರತ 2022ರಲ್ಲೂ ತಟಸ್ಥ, ಅವತ್ತೂ ತಟಸ್ಥ. ನಾನು ಮೆಚ್ಚುವುದು ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿಯವರನ್ನು. ದಾಳಿಗೆ ಮೂರು ದಿನ ಮೊದಲು ಭದ್ರತಾ ಮಂಡಳಿಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ನಮ್ಮ ಗಡಿಗಳನ್ನೂ ಯಾರೋ ದೂರದ ಸಾಮ್ರಾಜ್ಯದವರು ಎಳೆದು ಹೋದರು, ನಮ್ಮ ರಕ್ತಸಂಬಂಧಿಗಳೂ ಗಡಿಯಾಚೆಗಿದ್ದಾರೆ, ಹಾಗೆಂದು ಗಡಿ ಅಳಿಸಲು ಹೊರಟಿದ್ದರೆ ಇವತ್ತಿಗೂ ರಕ್ತ ಹರಿಸುತ್ತಿರುತ್ತಿದ್ದೆವು. ರ‍್ಯಾಡ್‌ಕ್ಲಿಫ್ ಗೆರೆಯಿಂದ ದೇಶ ಪಾಲಾದ ನಾವು ಆಡಬಹುದಾಗಿದ್ದ ಮಾತನ್ನು ನೈರೋಬಿಯವರು ಆಡಿದರು.

ಅಗ್ಗದ ತೈಲದ ಬಗ್ಗೆ ಒಂದೇ ಮಾತು. ಬಿಲ್ಲು ಬಂದದ್ದು 2025ರ ಆಗಸ್ಟಿನಲ್ಲಿ. ರಷ್ಯಾದ ತೈಲ ಕೊಂಡಿರೆಂದು ಅಮೆರಿಕ ನಮ್ಮ ಸರಕಿನ ಮೇಲೆ ಇನ್ನೂ ಶೇ 25 ಸುಂಕ ಹೇರಿತು.

ನನ್ನ ನಿಜವಾದ ಸಂಕಟ ಬೇರೆಯೇ ಇದೆ. ಈ ಯುದ್ಧವನ್ನು ಕನ್ನಡದಲ್ಲಿ ನಾವು ಓದಿದ್ದೆಷ್ಟು? ಮೊದಲ ವಾರ ನಮ್ಮ ಟೀವಿ ಸ್ಟುಡಿಯೋಗಳಲ್ಲಿ ಟ್ಯಾಂಕು ಓಡಿದವು, ನೆಲದ ಮೇಲೆ ನಕಾಶೆ ಹಾಸಿ ಆ್ಯಂಕರುಗಳು ಅದರ ಮೇಲೆ ಬೂಟುಗಾಲಲ್ಲಿ ಓಡಾಡಿದರು, 'ಮೂರನೇ ಮಹಾಯುದ್ಧ ಶುರು' ಎಂದು ಕೂಗಿದರು. ಎರಡನೇ ತಿಂಗಳಿಗೆ ಎಲ್ಲ ಮಾಯ. ನಮ್ಮ ಪತ್ರಿಕೆಗಳ ಒಂದೇ ಪುಟದಲ್ಲಿ ಉಕ್ರೇನಿನ ರಾಜಧಾನಿಗೆ ಕೀವ್, ಕೈವ್, ಕ್ಯಿವ್ ಮೂರೂ ಸಿಗುತ್ತವೆ, ಮೂರು ಬೇರೆ ಊರು ಎಂಬಂತೆ. ಏಜೆನ್ಸಿಯ ಇಂಗ್ಲಿಷನ್ನು ರಾತ್ರಿ ಹನ್ನೊಂದರ ಡೆಡ್‌ಲೈನಿಗೆ ಅನುವಾದಿಸುವ ಹುಡುಗ 'ಅಶ್ಯೂರೆನ್ಸ್' ಬಂದರೂ ಖಾತರಿ ಎಂದೇ ಬರೆಯುತ್ತಾನೆ, 'ಗ್ಯಾರಂಟಿ' ಬಂದರೂ ಖಾತರಿ ಎಂದೇ ಬರೆಯುತ್ತಾನೆ. ಅವನನ್ನು ಬೈದು ಫಲವಿಲ್ಲ. ಆ ಎರಡು ಪದಗಳ ನಡುವೆ ಒಂದು ದೇಶ ಬಿದ್ದುಹೋಯಿತು ಎಂದು ಅವನಿಗೆ ಹೇಳಿಕೊಟ್ಟವರಾರು? ಆ ನಾಲ್ಕು ಪುಟ ಕೊಟ್ಟದ್ದು ಇದಕ್ಕೇ ಮೇಷ್ಟ್ರೇ. ಮುಂದೆಯೂ ಕೊಡುತ್ತೇನೆ, ಬೈಯಿರಿ.

ತಾ.ಕ.ಕ್ಕೆ ಉತ್ತರ: ಗಮನಕ್ಕೆ ಬಂದಿದೆ. ರಷ್ಯಾದ ನ್ಯೂಸ್‌ಪ್ರಿಂಟ್ ಬರುವುದು ಕಷ್ಟವಾಗಿ ಕಾಗದದ ಬೆಲೆ ಏರಿದಾಗ, 2022ರಲ್ಲಿ, ಎಂಟು ಪುಟ ಕಡಿಮೆ ಮಾಡಿದೆವು. 'ಇದು ತಾತ್ಕಾಲಿಕ, ಬೆಲೆ ಇಳಿದೊಡನೆ ಪುಟಗಳು ಮರಳುತ್ತವೆ' ಎಂದು ಇದೇ ಅಂಕಣದಲ್ಲಿ ಬಾಕ್ಸ್ ಕಟ್ಟಿ ಹಾಕಿದ್ದೆ. ಬೆಲೆ ಇಳಿಯಿತು, ಪುಟ ಮರಳಲಿಲ್ಲ. ಹಳೆಯ ಸಂಚಿಕೆ ತೆಗೆದು ನೋಡಿದೆ. ನಾನು ಅಲ್ಲಿ ಬಳಸಿದ್ದ ಪದ 'ಭರವಸೆ'.