25 ಲಕ್ಷದಲ್ಲಿ ಪ್ಲಾಸ್ಟಿಕ್ ರೀಸೈಕ್ಲಿಂಗ್ ಘಟಕ: ಯಾವ ಮಷೀನ್ ಮೊದಲು ತಗೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಕಾಸರಗೋಡಿನ ಸೀತಾಂಗೋಳಿ ಹತ್ತಿರ ಶೆಡ್ ಇದೆ, 25 ಲಕ್ಷದ ಅಂದಾಜು ಇದೆ, ಅಹಮದಾಬಾದಿನ ಒಬ್ಬರು ಗ್ರೈಂಡರಿನಿಂದ ದಾನಾ (ಪ್ಲಾಸ್ಟಿಕ್ ಕರಗಿಸಿ ಮಾಡುವ ಸಣ್ಣ ಕಾಳು) ಮಷೀನಿನ ತನಕ ಪೂರ್ತಿ ಲೈನ್ ಕೊಡ್ತೇವೆ ಅಂದಿದ್ದಾರೆ, ತಗೊಳ್ಳಬಹುದಾ?

ನಾನು ಕುಂಬಳೆ ಕಡೆ ಇದೇ ಕೆಲಸದಲ್ಲಿದ್ದೇನೆ. ನನ್ನನ್ನು ಕೇಳಿದರೆ, ಪೂರ್ತಿ ಲೈನ್ ಈಗಲೇ ಬೇಡ. ಗ್ರೈಂಡರ್, ತೊಳೆಯುವ ಟ್ಯಾಂಕ್, ಡ್ರೈಯರ್. ಇಷ್ಟರಿಂದ ಶುರು ಮಾಡಿ, ತೊಳೆದು ಒಣಗಿಸಿದ ಫ್ಲೇಕ್ಸ್ (ಅರೆದ ಪ್ಲಾಸ್ಟಿಕ್ ಚೂರು) ಮಾರಿ. ಒಳ್ಳೆಯ ಫ್ಲೇಕ್ಸ್‌ಗೆ ದಾನಾ ಮಾಡುವವರೇ ಗಿರಾಕಿ. ಎಕ್ಸ್‌ಟ್ರೂಡರ್, ಅಂದರೆ ಫ್ಲೇಕ್ಸ್ ಕರಗಿಸಿ ದಾನಾ ಮಾಡುವ ಮಷೀನು, ಆಮೇಲೆ ನೋಡೋಣ.

ಮಷೀನಿಗಿಂತ ಮೊದಲು ಮಾಲು ನೋಡಿ. ನಮ್ಮ ಕಡೆ ಸಿಗುವುದು ಎರಡು ಥರ. ಒಂದು, ಹರಿತ ಕರ್ಮ ಸೇನೆಯವರು (ಕೇರಳದ ಪಂಚಾಯತಿನ ಕಸ ಸಂಗ್ರಹದವರು) ಮನೆಮನೆಯಿಂದ ತರುವ ತೆಳು ಮಾಲು: ಕವರ್, ಹಾಲಿನ ಪ್ಯಾಕೆಟ್, ತಿಂಡಿ ಪೊಟ್ಟಣ. ಇನ್ನೊಂದು, ತೋಟದ ಮತ್ತು ಗುಜರಿಯ ಗಟ್ಟಿ ಮಾಲು: ಹಳೇ ನೀರಾವರಿ ಪೈಪ್, ಡ್ರಮ್ಮು, ಕ್ಯಾನು, ಕ್ರೇಟು, ಮುರಿದ ಕುರ್ಚಿ. ಎರಡಕ್ಕೂ ಒಂದೇ ಲೈನ್ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೆಳು ಕವರು ಗಟ್ಟಿ ಮಾಲಿನ ಗ್ರೈಂಡರಿನಲ್ಲಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಅದನ್ನು ಒಣಗಿಸುವುದೂ ಬೇರೆ ಕತೆ. ಚಿಪ್ಸ್ ಪ್ಯಾಕೆಟ್‌ನಂಥ ಪದರ ಪದರದ ಮಾಲು ಈ ಲೈನಿನಲ್ಲಿ ಆಗುವುದೇ ಇಲ್ಲ. ಅದು ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುವಂಥದ್ದು.

ನಿಮ್ಮ ಬಜೆಟ್ಟಿಗೆ ಗಟ್ಟಿ ಮಾಲೇ ಸರಿ. ಅಂದರೆ ಎಚ್‌ಡಿಪಿಇ (ಡ್ರಮ್ಮು, ಕ್ಯಾನಿನ ಪ್ಲಾಸ್ಟಿಕ್) ಮತ್ತು ಪಿಪಿ (ಕುರ್ಚಿಯ ಪ್ಲಾಸ್ಟಿಕ್). ದೊಡ್ಡ ಡ್ರಮ್ಮು, ಪೈಪು ಬಂತು ಅಂತ ಶ್ರೆಡ್ಡರ್ ತಗೊಳ್ಳುವುದೂ ಬೇಡ. ಒಂದು ಕರೆಂಟ್ ಗರಗಸ ಇಟ್ಟು ತುಂಡು ಮಾಡಿ ಗ್ರೈಂಡರಿಗೆ ಹಾಕಿದರೆ ಸಣ್ಣ ಘಟಕಕ್ಕೆ ಧಾರಾಳ ಆಯಿತು.

ಬೇರ್ಪಡಿಸಲು ದುಬಾರಿ ಸೆನ್ಸರ್ ಗಿನ್ಸರ್ ಏನೂ ಬೇಡ, ನೀರೇ ಸಾಕು. ಪಿಪಿ, ಎಚ್‌ಡಿಪಿಇ, ತೆಳು ಕವರಿನ ಎಲ್‌ಡಿಪಿಇ ಮೂರೂ ನೀರಿಗಿಂತ ಹಗುರ, ತೇಲುತ್ತವೆ. ಪಿವಿಸಿ, ಪೆಟ್ ಬಾಟಲಿ ಮುಳುಗುತ್ತವೆ. ಆದರೆ ಕ್ಯಾಲ್ಸಿಯಂ ಪುಡಿ ಜಾಸ್ತಿ ಸೇರಿಸಿದ ಅಗ್ಗದ ಕುರ್ಚಿ ಪಿಪಿಯೇ ಆದರೂ ಮುಳುಗಿಬಿಡುತ್ತದೆ. ಹಾಗಾಗಿ ಕೈಯಲ್ಲಿ ಆರಿಸುವ ಒಬ್ಬರು ಬೇಕೇ ಬೇಕು. ಅದರಲ್ಲೂ ಪಿವಿಸಿ ವಿಷಯದಲ್ಲಿ ಹುಷಾರು. ಅಡಿಕೆಗೆ ಮದ್ದು ಬಿಡುವ ಹೋಸ್ ಪೈಪ್ ಬಹಳಷ್ಟು ಪಿವಿಸಿಯೇ. ಅದರ ಚೂರು ಎಕ್ಸ್‌ಟ್ರೂಡರಿಗೆ ಹೋದರೆ ಬಿಸಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ, ಸ್ಕ್ರೂ ಬ್ಯಾರೆಲ್ ತಿಂದುಹಾಕುತ್ತದೆ. ನಿಮ್ಮಿಂದ ಫ್ಲೇಕ್ಸ್ ತಗೊಂಡವರು ಒಮ್ಮೆ ಪಿವಿಸಿ ನೋಡಿದರೆ ಮತ್ತೆ ನಿಮ್ಮ ಫೋನ್ ಎತ್ತುವುದಿಲ್ಲ.

ಗ್ರೈಂಡರಿನಲ್ಲಿ ನೋಡಬೇಕಾದ್ದು ಬ್ಲೇಡು. ನಮ್ಮದು ಮುರಕಲ್ಲಿನ ಮಣ್ಣು, ತೋಟದ ಪೈಪಿನೊಳಗೆಲ್ಲ ಮರಳು ಕೂತಿರುತ್ತದೆ. ಅರೆಯುವ ಮೊದಲು ಒಂದು ಸಲ ನೀರಿನಲ್ಲಿ ಜಾಲಾಡದಿದ್ದರೆ ಬ್ಲೇಡ್ ಬೇಗ ಮೊಂಡಾಗುತ್ತದೆ, ಮೊಂಡು ಬ್ಲೇಡಿಗೆ ಕರೆಂಟು ಜಾಸ್ತಿ, ಹುಡಿಯೂ ಜಾಸ್ತಿ. ಡಿ2 ಸ್ಟೀಲಿನ (ಬೇಗ ಸವೆಯದ ಗಟ್ಟಿ ಉಕ್ಕು) ಬ್ಲೇಡ್ ಕೇಳಿ, ಎರಡು ಸೆಟ್ ತಗೊಳ್ಳಿ. ಒಂದು ಸೆಟ್ ಮಂಗಳೂರಿಗೆ ಸಾಣೆಗೆ ಹೋದಾಗ ಇನ್ನೊಂದು ಓಡುತ್ತಿರಬೇಕು. ಬೇರಿಂಗ್ ಸಾಮಾನ್ಯ ನಂಬರಿನದ್ದಾ ಅಂತಲೂ ಕೇಳಿ. ಚೀನಾ ಮಷೀನು ಅಗ್ಗ ಅಂತ ಬರೆದಿದ್ದೀರಿ. ತಗೊಳ್ಳುವಾಗ ಅಗ್ಗವೇ, ಕಂಟ್ರೋಲ್ ಕಾರ್ಡ್ ಹೋದ ದಿನ ಗೊತ್ತಾಗುತ್ತದೆ.

ಇನ್ನು ಒಣಗಿಸುವುದು. ಇದರ ಬಗ್ಗೆ ಮಾರುವವರು ಬಾಯಿ ಬಿಡುವುದೇ ಇಲ್ಲ. ಹಣ ಸೋರುವುದು ಇಲ್ಲೇ. ಒಂದು ಪರೀಕ್ಷೆ ಹೇಳುತ್ತೇನೆ. ಅವರ ಡ್ರೈಯರಿನಿಂದ ಹೊರಬಂದ ಮಾಲು ಸರಿಯಾಗಿ ಒಂದು ಕಿಲೋ ತೂಗಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಗಿ. 850 ಗ್ರಾಂ ಬಂದರೆ 150 ಗ್ರಾಂ ನೀರು ಅಂತ ಲೆಕ್ಕ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಹೆಚ್ಚುಕಡಿಮೆ 0.7 ಯೂನಿಟ್ ಬೇಕು. ಆ ಕೆಲಸವನ್ನು ಎಕ್ಸ್‌ಟ್ರೂಡರ್ ಮಾಡಬೇಕಾಗುತ್ತದೆ, ಮೇಲಿಂದ ದಾನಾದೊಳಗೆ ಗುಳ್ಳೆ. ಗುಳ್ಳೆ ಬಂದ ದಾನಾಕ್ಕೆ ರೇಟ್ ಇಲ್ಲ. ಗಟ್ಟಿ ಮಾಲಿಗೆ ತಿರುಗಿಸಿ ನೀರು ಚಿಮ್ಮಿಸುವ ಸೆಂಟ್ರಿಫ್ಯೂಜ್ ಡ್ರೈಯರ್ ಸಾಕು, ತೆಳು ಮಾಲಿಗಾದರೆ ಹಿಂಡುವ ಸ್ಕ್ವೀಜರ್ ಬೇಕು, ಅದು ದುಬಾರಿ. ಗಟ್ಟಿ ಮಾಲಿನಿಂದ ಶುರು ಮಾಡಿ ಅಂತ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅಂಗಳದಲ್ಲಿ ಹರಡಿದರಾಯಿತು ಅನ್ನುವವರಿಗೆ ಜೂನ್ ತಿಂಗಳ ನಮ್ಮೂರು ಗೊತ್ತಿಲ್ಲ.

ಕೊಟೇಷನ್ ಹೋಲಿಸುವಾಗ ಮಷೀನಿನ ಬೆಲೆ ಪಕ್ಕಕ್ಕಿಡಿ, ಒಂದು ಕಿಲೋಗೆ ಎಷ್ಟು ಕರೆಂಟು ಅಂತ ನೋಡಿ. ಉದಾಹರಣೆಗೆ ಒಟ್ಟು ಮೋಟಾರು 60 ಎಚ್‌ಪಿ ಅಂತಿಟ್ಟುಕೊಳ್ಳಿ, ಅಂದರೆ ಸುಮಾರು 45 ಕಿಲೋವ್ಯಾಟ್. 70 ಶೇಕಡಾ ಲೋಡಿನಲ್ಲಿ ಗಂಟೆಗೆ ಹತ್ತಿರಹತ್ತಿರ 31 ಯೂನಿಟ್. ಬ್ರೋಷರಿನಲ್ಲಿ ಹೇಳಿದ ಹಾಗೆ ಗಂಟೆಗೆ 150 ಕಿಲೋ ಬಂದರೆ ಕಿಲೋಗೆ 0.21 ಯೂನಿಟ್. ನಿಜವಾಗಿ 90 ಕಿಲೋ ಬಂದರೆ 0.34. ಯೂನಿಟಿಗೆ 7 ರೂಪಾಯಿ ಹಿಡಿದರೂ ಕಿಲೋಗೆ ಒಂದು ರೂಪಾಯಿ ಹತ್ತಿರ ಹೆಚ್ಚಿಗೆ ಹೋಯಿತು. ಅದಕ್ಕೇ ಟ್ರಯಲ್‌ಗೆ ನಿಮ್ಮ ಮಾಲಿನ ಚೀಲಗಳನ್ನೇ ಕಳಿಸಿ, ಅವರ ಶುದ್ಧ ಕ್ರೇಟ್ ತುಂಡಿನ ವಿಡಿಯೋ ನೋಡಿ ಮರುಳಾಗಬೇಡಿ. ಕೆಎಸ್‌ಇಬಿಯಲ್ಲಿ (ಕೇರಳದ ವಿದ್ಯುತ್ ಮಂಡಳಿ) ಲೋಡು 100 ಕೆವಿಎ ದಾಟಿದರೆ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಸ್ವಂತ ಟ್ರಾನ್ಸ್‌ಫಾರ್ಮರ್, ಆ ಖರ್ಚು ಕೊಟೇಷನ್‌ನಲ್ಲಿ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್? ಟ್ಯಾಂಕು, ಕನ್ವೇಯರು, ಗ್ರೈಂಡರ್ ಬಾಡಿ ಹಳೆಯದ್ದಾದರೂ ಅಡ್ಡಿಯಿಲ್ಲ. ಮುಂದೆ ಎಕ್ಸ್‌ಟ್ರೂಡರ್ ಹಳೆಯದ್ದು ನೋಡುವಾಗ ಮಾತ್ರ ಸ್ಕ್ರೂ ಹೊರಗೆಳೆಸಿ ಅಳತೆ ಮಾಡಿಸಿ, ಗೇರ್‌ಬಾಕ್ಸ್ ಲೋಡಿನಲ್ಲಿ ಓಡಿಸಿ ಕಿವಿಗೊಟ್ಟು ಕೇಳಿ. ಬಣ್ಣ ಹೊಡೆದು ಹೊಸದು ಮಾಡಿದ್ದು ಬಹಳ ಬರುತ್ತದೆ.

ನೀರಿಗೆ ಬೋರ್‌ವೆಲ್ ನೆಚ್ಚಿಕೊಳ್ಳಬೇಡಿ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಮನೆಗೆ, ತೋಟಕ್ಕೆ ಸರಿ, ವಾಷಿಂಗ್ ಲೈನಿಗೆ ಎಲ್ಲಿ ಸಾಲುತ್ತದೆ. ಕೆಸರು ಇಳಿಯುವ ಎರಡು ಮೂರು ತೊಟ್ಟಿ ಕಟ್ಟಿಸಿ ಅದೇ ನೀರು ತಿರುಗಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಒಪ್ಪಿಗೆ ಕೊಡುವ ಮೊದಲು ಇದನ್ನೇ ಕೇಳುತ್ತಾರೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದ ಪ್ರಕಾರ ರೀಸೈಕ್ಲರ್ ಅಂತ ನೋಂದಣಿಯೂ ಬೇಕು.

ಸಾಲಕ್ಕೆ ಪಿಎಂಇಜಿಪಿ (ಕೇಂದ್ರ ಸರ್ಕಾರದ ಉದ್ಯೋಗ ಸೃಷ್ಟಿ ಯೋಜನೆ) ನೋಡಿದ್ದೀರಾ? ಉತ್ಪಾದನಾ ಘಟಕಕ್ಕೆ 50 ಲಕ್ಷದ ಯೋಜನೆಯ ತನಕ ಸಿಗುತ್ತದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25 ಶೇಕಡಾ ಸಬ್ಸಿಡಿ, ಮಹಿಳೆಯರಿಗೆ, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ 35. ಮಂಜೂರಾಗುವ ಮುಂಚೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಕೊಡುವಾಗಲೂ ನಿಮ್ಮ ಶೆಡ್ಡಿನಲ್ಲಿ, ನಿಮ್ಮ ಮಾಲಿನಲ್ಲಿ ಮಷೀನ್ ಓಡುವ ತನಕ ಹತ್ತು ಶೇಕಡಾ ಕೈಯಲ್ಲಿಟ್ಟುಕೊಳ್ಳಿ, ಅದನ್ನು ಆರ್ಡರಿನಲ್ಲೇ ಬರೆಸಿ. ಕೊಟೇಷನ್ ಬಂದಿದ್ದರೆ ಮೋಟಾರುಗಳ ಎಚ್‌ಪಿ ಪಟ್ಟಿ ಮಾತ್ರ ಇಲ್ಲಿ ಹಾಕಿ, ಲೆಕ್ಕ ಕೂಡಿ ನೋಡೋಣ.